ಇಂಗ್ಲಿಷ್ ವಾಕ್ಯದಲ್ಲಿ ಸರ್ವನಾಮವನ್ನು ಆರಿಸುವ ಬಗೆ

ವಿದ್ಯಾರ್ಥಿ ಮಿತ್ರರೇ, ಇಂಗ್ಲಿಷ್ ಭಾಷೆಯಲ್ಲಿ ದೊಡ್ಡ ಪದಗಳಿಗಿಂತ ಚಿಕ್ಕ ಪದಗಳೇ ನಮ್ಮನ್ನು ಹೆಚ್ಚಾಗಿ ಕಾಡುತ್ತವೆ. ದೊಡ್ಡ ಪದದ ಅರ್ಥ ತಿಳಿಯದಿದ್ದರೆ ನಿಘಂಟನ್ನು ತೆರೆದು ನೋಡಬಹುದು. ಆದರೆ ‘ಐ’, ‘ಮೀ’, ‘ಹಿ’, ‘ಶಿ’, ‘ಇಟ್’, ‘ದೇ’ ಎಂಬ ಪುಟ್ಟ ಸರ್ವನಾಮಗಳ ವಿಷಯದಲ್ಲಿ ನಿಘಂಟಿನ ನೆರವು ಅಷ್ಟಾಗಿ ಒದಗದು. ಅವುಗಳ ಅರ್ಥ ಎಲ್ಲರಿಗೂ ಗೊತ್ತು. ಯಾವುದನ್ನು ಎಲ್ಲಿ ಇಡತಕ್ಕದ್ದು ಎಂಬುದೇ ತೊಡಕು.

ಇಂಗ್ಲಿಷಿನ ಪಾಠವನ್ನು ಕನ್ನಡದ ಅಧ್ಯಾಪಕರಾದ ನಾವು ಹೇಳಹೊರಟಿರುವುದೇಕೆಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ನಮ್ಮ ಮಕ್ಕಳು ಇಂಗ್ಲಿಷ್ ಸರ್ವನಾಮಗಳಲ್ಲಿ ಮಾಡುವ ತಪ್ಪುಗಳನ್ನು ಒಂದೆಡೆ ಕೂಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ಅಲಕ್ಷ್ಯದಿಂದ ಆದವುಗಳಲ್ಲವೆಂಬುದು ತಿಳಿಯುತ್ತದೆ. ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದುದರಿಂದಲೇ ಅವು ಆಗಿರುತ್ತವೆ. ಇಂಗ್ಲಿಷ್ ಬೇರೆ ನಿಯಮವನ್ನು ಬೇಡುವ ಕಡೆಯಲ್ಲಿ ವಿದ್ಯಾರ್ಥಿಯು ಕನ್ನಡದ ನಿಯಮಕ್ಕೆ ನಿಷ್ಠನಾಗಿ ಉಳಿದಿರುತ್ತಾನೆ. ಆದುದರಿಂದ ಕನ್ನಡದ ಸರ್ವನಾಮ ಹೇಗೆ ನಡೆಯುತ್ತದೆಂಬುದನ್ನು ಚೆನ್ನಾಗಿ ಅರಿತವನಿಗೆ ಇಂಗ್ಲಿಷಿನ ಸರ್ವನಾಮ ಎಲ್ಲಿ ದಾರಿ ಬದಲಿಸುತ್ತದೆಂಬುದೂ ಸುಲಭವಾಗಿ ಕಾಣುತ್ತದೆ.

ಪುಣೆಯಲ್ಲಿ ಬೆಳೆಯುವ ಕನ್ನಡದ ಮಗುವಿನ ನಾಲಗೆಯ ಮೇಲೆ ಮೂರು ನಾಲ್ಕು ಭಾಷೆಗಳು ಓಡಾಡುತ್ತವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಿನಿಮಾದಲ್ಲಿ ಹಿಂದಿ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ಕಲಿಸುತ್ತ ಬಂದಿದ್ದಾರೆ. 2020ರ ಶಾಸನದ ಪ್ರಕಾರ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಮರಾಠಿಯ ಕಲಿಕೆ ಕಡ್ಡಾಯವಾಗಿದೆ. ಇಷ್ಟು ಭಾಷೆಗಳ ಸರ್ವನಾಮಗಳು ಒಂದೇ ತಲೆಯೊಳಗೆ ಕುಳಿತಿರುವಾಗ ಒಂದರ ನಿಯಮ ಮತ್ತೊಂದರೊಳಗೆ ನುಸುಳಿದರೆ ಆಶ್ಚರ್ಯವಿಲ್ಲ.

ಇದು ಕೇವಲ ಪರೀಕ್ಷೆಯ ಒಂದೆರಡು ಅಂಕಗಳ ಮಾತೂ ಅಲ್ಲ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವರು ಶಾಲೆಗೆ ಹೋಗುವ ಮಕ್ಕಳು ಮಾತ್ರವೇ. ಬ್ಯಾಂಕಿಗೆ ಅರ್ಜಿ, ಆಸ್ಪತ್ರೆಗೆ ಕಾಗದ, ಬರಬೇಕಾದ ಕೂಲಿಯ ಬಗೆಗೆ ತಕರಾರು, ಇವೆಲ್ಲವನ್ನೂ ಎಂಟನೆಯ ಇಲ್ಲವೆ ಒಂಬತ್ತನೆಯ ಇಯತ್ತೆಯ ಹುಡುಗನೋ ಹುಡುಗಿಯೋ ಬರೆಯಬೇಕಾಗುತ್ತದೆ. ಅಂಥ ಕಾಗದದಲ್ಲಿ ಒಂದು ‘ಹಿ’ ತಪ್ಪಿದರೆ ಹಣ ಕೊಡಬೇಕಾದವನು ಯಾರೆಂಬುದೇ ತಿರುಗಿಬಿದ್ದೀತು. ಈ ಮಾತನ್ನು ಮುಂದೆ ಉದಾಹರಣೆಯೊಡನೆ ನೋಡೋಣ.

1. ಸರ್ವನಾಮವೆಂದರೆ ಯಾವುದು?

ನಾಮಪದದ ಬದಲಾಗಿ ಬರುವ ಪದವೇ ಸರ್ವನಾಮವೆಂದು ವ್ಯಾಕರಣದ ಪುಸ್ತಕಗಳಲ್ಲಿ ಓದಿದ್ದೀರಿ. ‘ಸೀತೆ ಬಂದಳು, ಅವಳು ಕುಳಿತಳು’ ಎಂಬಲ್ಲಿ ‘ಅವಳು’ ಎಂಬುದು ಸೀತೆಯ ಬದಲಾಗಿ ಬಂದಿದೆ. ಆದರೆ ಈ ಲಕ್ಷಣವು ಎಲ್ಲ ಸರ್ವನಾಮಗಳಿಗೂ ಒಂದೇ ಸಮನಾಗಿ ಹೊಂದುವುದಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಕೆಲಸ ಮಾಡಿದ ಕನ್ನಡದ ವಿದ್ವಾಂಸರಾದ ಡಿ. ಎನ್. ಶಂಕರ ಭಟ್ಟರು ಲೋಕದ ಹಲವಾರು ಭಾಷೆಗಳನ್ನು ಹೋಲಿಸಿ ‘ಪ್ರೊನೌನ್ಸ್’ ಎಂಬ ಗ್ರಂಥವನ್ನು ಬರೆದರು. ಅದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು 2004ರಲ್ಲಿ ಪ್ರಕಟಿಸಿತು. ‘ನಾನು’, ‘ನೀನು’ ಎಂಬವು ಯಾವ ಹೆಸರಿನ ಬದಲಾಗಿಯೂ ನಿಲ್ಲುವ ಪದಗಳಲ್ಲ, ಮಾತಾಡುವವರು ಯಾರು, ಕೇಳುವವರು ಯಾರು ಎಂಬುದನ್ನಷ್ಟೇ ತೋರಿಸುವ ಪದಗಳು ಎಂಬುದು ಅವರು ಮಾಡಿದ ಮುಖ್ಯ ವಿವೇಚನೆಗಳಲ್ಲಿ ಒಂದು.

ಇದರಿಂದ ನಮಗೆ ಒಂದು ಉಪಯುಕ್ತ ಸೂತ್ರ ದೊರೆಯುತ್ತದೆ. ‘ಐ’ ಮತ್ತು ‘ಯೂ’ ಎಂಬವಕ್ಕೆ ಹಿಂದೆ ಯಾವ ಹೆಸರೂ ಬೇಕಾಗಿಲ್ಲ. ‘ಹಿ’, ‘ಶಿ’, ‘ಇಟ್’, ‘ದೇ’ ಎಂಬವುಗಳಿಗೆ ಮಾತ್ರ ಹಿಂದೆ ಹೇಳಿದ ಒಂದು ಹೆಸರು ಇರಲೇಬೇಕು. ಇಂಥ ಪ್ರತಿಯೊಂದು ಸರ್ವನಾಮಕ್ಕೂ ಒಬ್ಬ ಒಡೆಯನಿದ್ದಾನೆ ಎಂದು ತಿಳಿಯಿರಿ. ಒಡೆಯನು ಯಾರೆಂದು ಕೇಳಿದಾಗ ವಾಕ್ಯವೇ ಉತ್ತರ ಕೊಡಬೇಕು.

ಇನ್ನೊಂದು ಭೇದವನ್ನು ಗಮನಿಸಿರಿ. ಕನ್ನಡದಲ್ಲಿ ‘ಇವನು’, ‘ಅವನು’, ‘ಯಾವನು’ ಎಂಬ ಮೂರೂ ಒಂದೇ ಅಚ್ಚಿನಿಂದ ತೆಗೆದ ಪದಗಳು. ‘ಈ’ ಎಂದರೆ ಹತ್ತಿರ, ‘ಆ’ ಎಂದರೆ ದೂರ, ‘ಯಾ’ ಎಂದರೆ ಪ್ರಶ್ನೆ. ಇಂಗ್ಲಿಷಿನ ‘ಹಿ’ ಎಂಬ ಪದದಲ್ಲಿ ಹತ್ತಿರ ದೂರಗಳ ಸೂಚನೆಯಿಲ್ಲ. ಆದುದರಿಂದ ಗೆಳೆಯನ ಎದುರಿಗೆ ತಮ್ಮನನ್ನು ನಿಲ್ಲಿಸಿ ‘ಇವನು ನನ್ನ ತಮ್ಮ’ ಎಂದು ಪರಿಚಯಿಸುವಾಗ ‘ದಿಸ್ ಈಸ್ ಮೈ ಬ್ರದರ್’ ಎನ್ನಬೇಕು. ಪರಿಚಯವಾದ ಮೇಲೆ ‘ಹಿ ಈಸ್ ಇನ್ ದ ಫಿಫ್ತ್ ಸ್ಟ್ಯಾಂಡರ್ಡ್’ ಎಂದು ಮುಂದುವರಿಸಬಹುದು.

2. ಬಿಡಬಾರದ ಸರ್ವನಾಮ

‘ನಿನ್ನೆ ಮಂಡಿಗೆ ಹೋಗಿದ್ದೆವು, ಕಾಯಿಪಲ್ಲೆ ತಂದೆವು.’ ಈ ವಾಕ್ಯದಲ್ಲಿ ‘ನಾವು’ ಎಂಬ ಪದವೇ ಇಲ್ಲ. ಆದರೂ ಹೋದವರು ಯಾರೆಂಬ ಸಂಶಯ ಬರುವುದಿಲ್ಲ. ‘ಎವು’ ಎಂಬ ಪ್ರತ್ಯಯವು ಕ್ರಿಯಾಪದದ ಕೊನೆಯಲ್ಲಿ ಕುಳಿತು ಕರ್ತೃವನ್ನು ಹೇಳಿಬಿಡುತ್ತದೆ. ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು ಎಂದು ಕನ್ನಡದ ಕ್ರಿಯಾಪದವು ಕರ್ತೃವಿಗೆ ತಕ್ಕಂತೆ ಬಾಲವನ್ನು ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಈ ಒಂಬತ್ತಕ್ಕೂ ‘ಕೇಮ್’ ಎಂಬ ಒಂದೇ ರೂಪ. ಸರ್ವನಾಮವನ್ನು ಬಿಟ್ಟರೆ ಬಂದವರು ಯಾರೆಂದು ತಿಳಿಯುವ ದಾರಿಯೇ ಇಲ್ಲ. ಆದುದರಿಂದ ‘ಯೆಸ್ಟರ್‌ಡೇ ವೆಂಟ್ ಟು ಮಾರ್ಕೆಟ್’ ಎಂದು ಬರೆಯಲಾಗದು. ‘ಯೆಸ್ಟರ್‌ಡೇ ವಿ ವೆಂಟ್ ಟು ದ ಮಾರ್ಕೆಟ್’ ಎಂದೇ ಬರೆಯಬೇಕು.

ಕರ್ತೃವಿನ ಸ್ಥಾನವನ್ನು ಬರಿದಾಗಿ ಬಿಡಬಾರದೆಂಬ ಈ ಹಟ ಇಂಗ್ಲಿಷಿಗೆ ಎಷ್ಟೆಂದರೆ, ಕರ್ತೃವೇ ಇಲ್ಲದ ಕಡೆಯಲ್ಲಿಯೂ ಅದು ಒಂದು ‘ಇಟ್’ ಅನ್ನು ತಂದು ಕೂರಿಸುತ್ತದೆ. ‘ಮಳೆ ಬರುತ್ತಿದೆ’ ಎಂಬುದು ‘ಇಟ್ ಈಸ್ ರೇನಿಂಗ್’ ಆಗುತ್ತದೆ. ‘ಹತ್ತು ಗಂಟೆಯಾಯಿತು’ ಎಂಬುದು ‘ಇಟ್ ಈಸ್ ಟೆನ್ ಓ ಕ್ಲಾಕ್’ ಆಗುತ್ತದೆ. ಇಲ್ಲಿ ‘ಇಟ್’ ಎಂದರೆ ಯಾವುದು ಎಂದು ಕೇಳಬಾರದು. ಒಡೆಯನಿಲ್ಲದ ಸರ್ವನಾಮ ಇದೊಂದೇ; ಅದು ಸ್ಥಾನವನ್ನು ತುಂಬಲು ಮಾತ್ರ ಬಂದಿದೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ‘ನಮ್ಮಪ್ಪ, ಅವರು ಗವಂಡಿ ಕೆಲಸ ಮಾಡುತ್ತಾರೆ’ ಎಂದು ಮಾತಿನಲ್ಲಿ ಹೇಳುವುದುಂಟು. ಅದೇ ಜಾಡಿನಲ್ಲಿ ‘ಮೈ ಫಾದರ್ ಹಿ ಈಸ್ ಎ ಮೇಸನ್’ ಎಂದು ಬರೆಯಬಾರದು. ‘ಮೈ ಫಾದರ್’ ಎಂಬುದು ಕರ್ತೃವಿನ ಸ್ಥಾನದಲ್ಲಿ ಆಗಲೇ ಕುಳಿತಿದೆ. ಒಂದು ಆಸನದಲ್ಲಿ ಇಬ್ಬರು ಕುಳಿತುಕೊಳ್ಳಲಾಗದು.

3. ಗೌರವ ಮತ್ತು ವಚನ

ನಮ್ಮ ಮಕ್ಕಳು ಬಿಟ್ಟುಕೊಡಲು ಬಹಳ ಹಿಂಜರಿಯುವ ನಿಯಮವೆಂದರೆ ಇದು. ‘ನಮ್ಮ ಹೆಡ್‌ಮಾಸ್ತರರು ಬಂದರು; ಅವರು ಬಹುಮಾನ ಹಂಚಿದರು’ ಎಂಬುದನ್ನು ‘ಅವರ್ ಹೆಡ್‌ಮಾಸ್ಟರ್ ಕೇಮ್; ದೇ ಗೇವ್ ಪ್ರೈಸಸ್’ ಎಂದು ಬರೆಯುತ್ತಾರೆ. ಬರೆದ ವಿದ್ಯಾರ್ಥಿಗೆ ವಚನದ ಜ್ಞಾನವಿಲ್ಲವೆಂದಲ್ಲ. ಗುರುಗಳನ್ನು ‘ಹಿ’ ಎಂದು ಕರೆಯಲು ಮನಸ್ಸು ಒಪ್ಪದು. ಮರಾಠಿಯಲ್ಲಿಯೂ ಹಿರಿಯರಿಗೆ ‘ತೇ’ ಎಂಬ ಬಹುವಚನವನ್ನೇ ಹೇಳುವುದರಿಂದ ಈ ಹಿಂಜರಿಕೆ ಮತ್ತಷ್ಟು ಗಟ್ಟಿಯಾಗುತ್ತದೆ.

ಇಲ್ಲಿ ಎರಡು ಮಾತುಗಳನ್ನು ನೆನಪಿಡಬೇಕು. ಮೊದಲನೆಯದು, ಏಕವಚನವೆಂದರೆ ಅಗೌರವವೆಂಬ ನಿಯಮ ಕನ್ನಡದಲ್ಲಿಯೂ ಸಾರ್ವತ್ರಿಕವಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ‘ಅವ್ವ ಬಂದಳು’, ‘ಅವ್ವಾ, ನೀ ಊಟ ಮಾಡು’ ಎನ್ನುತ್ತಾರೆ. ಅದರಿಂದ ತಾಯಿಯ ಮೇಲಿನ ಭಕ್ತಿ ಎಳ್ಳಷ್ಟೂ ಕಡಿಮೆಯಾಗಿಲ್ಲ. ಮೈಸೂರಿನ ಕಡೆಯವರಿಗೆ ‘ಅಮ್ಮ ಬಂದರು’ ಎಂಬುದು ರೂಢಿಯಾಗಿರಬಹುದು. ಇಬ್ಬರ ತಾಯಂದಿರೂ ಇಂಗ್ಲಿಷಿನಲ್ಲಿ ‘ಶಿ’ ಎಂದೇ ಆಗುತ್ತಾರೆ. ಗೌರವವು ಸರ್ವನಾಮದ ಹೊರಗೆ, ‘ಸರ್’, ‘ಮೇಡಮ್’, ‘ಪ್ಲೀಸ್’ ಎಂಬ ಪದಗಳಲ್ಲಿಯೂ ವಾಕ್ಯದ ವಿನಯದಲ್ಲಿಯೂ ಇರುತ್ತದೆ.

ಎರಡನೆಯದು, ಇಂಗ್ಲಿಷಿನಲ್ಲಿಯೂ ಹಿಂದೆ ‘ನೀನು’ ಮತ್ತು ‘ನೀವು’ ಬೇರೆಬೇರೆಯಾಗಿದ್ದವು. ‘ದೌ’ ಎಂದರೆ ನೀನು. ‘ಯೂ’ ವರ್ಗದ ರೂಪಗಳು ಬಹುವಚನಕ್ಕೆ ಮೀಸಲಾಗಿದ್ದವು. 13ನೆಯ ಶತಮಾನದಿಂದೀಚೆಗೆ ದೊಡ್ಡವರೊಬ್ಬರನ್ನು ಕರೆಯುವಾಗಲೂ ಬಹುವಚನವನ್ನು ಬಳಸುವ ಪದ್ಧತಿ ಅಲ್ಲಿಯೂ ಹಬ್ಬಿತು. ಕ್ರಮೇಣ ಎಲ್ಲರನ್ನೂ ‘ಯೂ’ ಎನ್ನತೊಡಗಿದರು. 18ನೆಯ ಶತಮಾನದ ಹೊತ್ತಿಗೆ ‘ದೌ’ ಎಂಬುದು ಶಿಷ್ಟರ ನಿತ್ಯದ ಮಾತಿನಿಂದ ಮರೆಯಾಗಿ, ಪ್ರಾರ್ಥನೆಗಳಲ್ಲಿ, ಹಳೆಯ ಕಾವ್ಯಗಳಲ್ಲಿ ಮತ್ತು ಕೆಲವು ಪ್ರಾಂತಗಳ ಆಡುನುಡಿಯಲ್ಲಿ ಉಳಿಯಿತು. ಆದುದರಿಂದ ಇಂಗ್ಲಿಷ್ ಗೌರವವನ್ನು ಬಿಟ್ಟುಬಿಟ್ಟ ಭಾಷೆಯೆಂದು ತಿಳಿಯುವುದು ಸರಿಯಲ್ಲ. ಅಲ್ಲಿ ಹೋದದ್ದು ‘ನೀನು’; ಉಳಿದದ್ದು ‘ನೀವು’. ಅರಸನಿಗೂ ಆಳಿಗೂ ಮಗುವಿಗೂ ಅದೇ ‘ನೀವು’ ಸಲ್ಲುತ್ತದೆ.

4. ಲಿಂಗ

ಲಿಂಗದ ವಿಷಯದಲ್ಲಿ ಕನ್ನಡವು ನಮಗೆ ಒಳ್ಳೆಯ ಮಾರ್ಗದರ್ಶಿ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ: ಗಂಡಸು ‘ಅವನು’, ಹೆಂಗಸು ‘ಅವಳು’, ಉಳಿದುದೆಲ್ಲ ‘ಅದು’. ಇಂಗ್ಲಿಷಿನ ದಾರಿಯೂ ಹೆಚ್ಚು ಕಡಿಮೆ ಇದೇ. ಮರಾಠಿಯ ದಾರಿ ಬೇರೆ. ಅಲ್ಲಿ ಹಲಗೆಯು ‘ತೋ ಫಳಾ’ ಎಂದು ಪುಲ್ಲಿಂಗ. ಕುರ್ಚಿಯು ‘ತೀ ಖುರ್ಚೀ’ ಎಂದು ಸ್ತ್ರೀಲಿಂಗ. ಪುಸ್ತಕವು ‘ತೇ ಪುಸ್ತಕ’ ಎಂದು ನಪುಂಸಕಲಿಂಗ. ಬೀದಿಯ ಮರಾಠಿ ನಾಲಗೆಗೆ ಹತ್ತಿದ ಮಕ್ಕಳು ಕುರ್ಚಿ ಮುರಿದುದನ್ನು ಹೇಳುವಾಗ ‘ಶಿ ಈಸ್ ಬ್ರೋಕನ್’ ಎನ್ನುವುದುಂಟು. ಅಂಥವರು ಒಂದು ಕ್ಷಣ ನಿಂತು, ಇದನ್ನು ಕನ್ನಡದಲ್ಲಿ ಏನೆನ್ನುತ್ತೇವೆಂದು ಕೇಳಿಕೊಂಡರೆ ‘ಅದು’ ಎಂಬ ಉತ್ತರ ಬರುತ್ತದೆ. ‘ಇಟ್’ ತಾನಾಗಿ ಒದಗುತ್ತದೆ.

ಕನ್ನಡವೂ ಇಂಗ್ಲಿಷೂ ಅಗಲುವ ಸ್ಥಳಗಳು ಕೆಲವಿವೆ. ಸೂರ್ಯ ಚಂದ್ರರು ನಮಗೆ ದೇವತೆಗಳಾದುದರಿಂದ ‘ಸೂರ್ಯನು ಮುಳುಗಿದನು’ ಎನ್ನುತ್ತೇವೆ. ಇಂಗ್ಲಿಷಿನ ಗದ್ಯದಲ್ಲಿ ಸೂರ್ಯನೂ ಚಂದ್ರನೂ ‘ಇಟ್’ ಮಾತ್ರ. ಕಾವ್ಯದಲ್ಲಿ ಸೂರ್ಯನು ‘ಹಿ’ ಆಗಿಯೂ ಚಂದ್ರನು ‘ಶಿ’ ಆಗಿಯೂ ಬರುವುದುಂಟು. ಸಾಕಿದ ನಾಯಿಯನ್ನು ನಾವು ‘ಅದು’ ಎನ್ನುತ್ತೇವೆ. ಇಂಗ್ಲಿಷಿನವರು ಹೆಸರಿಟ್ಟು ಸಾಕಿದ ಪ್ರಾಣಿಯನ್ನು ‘ಹಿ’ ಅಥವಾ ‘ಶಿ’ ಎನ್ನುತ್ತಾರೆ, ಗುರುತಿಲ್ಲದ ಪ್ರಾಣಿಯನ್ನು ‘ಇಟ್’ ಎನ್ನುತ್ತಾರೆ. ಹಡಗನ್ನು ‘ಶಿ’ ಎನ್ನುವುದು ನಾವಿಕರ ಹಳೆಯ ರೂಢಿ. ಆದರೆ ಹಡಗುಗಳ ಸುದ್ದಿಗೆ ಹೆಸರಾದ ಲಂಡನ್ನಿನ ‘ಲಾಯ್ಡ್ಸ್ ಲಿಸ್ಟ್’ ಪತ್ರಿಕೆಯೇ 2002ರಲ್ಲಿ ಆ ರೂಢಿಯನ್ನು ಬಿಟ್ಟು ‘ಇಟ್’ ಎಂದು ಬರೆಯಲು ನಿರ್ಧರಿಸಿತು.

ಬಹುವಚನದಲ್ಲಿ ಕೆಲಸ ಹಗುರಾಗುತ್ತದೆ. ಮನುಷ್ಯರಿಗೆ ‘ಅವರು’, ಉಳಿದವುಗಳಿಗೆ ‘ಅವು’ ಎಂಬ ಭೇದ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ದೇ’ ಸಾಕು.

5. ವಿಭಕ್ತಿ: ‘ಐ’ ಎಲ್ಲಿ, ‘ಮೀ’ ಎಲ್ಲಿ?

ಇಂಗ್ಲಿಷಿನ ನಾಮಪದಗಳು ವಿಭಕ್ತಿ ರೂಪಗಳನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದರೂ ಸರ್ವನಾಮಗಳು ಅವನ್ನು ಉಳಿಸಿಕೊಂಡಿವೆ. ಕರ್ತೃವಿನ ಸ್ಥಾನದಲ್ಲಿ ಐ, ವಿ, ಹಿ, ಶಿ, ದೇ, ಹೂ. ಕರ್ಮದ ಸ್ಥಾನದಲ್ಲಿಯೂ ‘ಟು’, ‘ಫಾರ್’, ‘ವಿತ್’, ‘ಬಿಟ್ವೀನ್’ ಮೊದಲಾದ ಪದಗಳ ಮುಂದೆಯೂ ಮೀ, ಅಸ್, ಹಿಮ್, ಹರ್, ದೆಮ್, ಹೂಮ್. ‘ಯೂ’ ಮತ್ತು ‘ಇಟ್’ ಎರಡೂ ಕಡೆ ಬದಲಾಗವು. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ತಪ್ಪುತ್ತಾರೆ. ಏಕೆಂದರೆ ಅವರು ‘ನನಗೆ’ ಎಂದರೆ ‘ಮೀ’ ಎಂದು ಕಲಿತಿರುತ್ತಾರೆ.

ಈ ವಾಕ್ಯಗಳನ್ನು ನೋಡಿರಿ. ‘ನನಗೆ ಹಸಿವಾಗಿದೆ.’ ‘ನನಗೆ ಇಂಗ್ಲಿಷ್ ಬರುತ್ತದೆ.’ ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ.’ ‘ನನಗೆ ರಜೆ ಬೇಕು.’ ನಾಲ್ಕರಲ್ಲಿಯೂ ಚತುರ್ಥೀ ವಿಭಕ್ತಿಯೇ ಇದೆ. ಹಸಿವು, ಜ್ಞಾನ, ನೆಂಟತನ, ಬೇಕು ಬೇಡಗಳು ನಮ್ಮ ಬಳಿಗೆ ತಾವಾಗಿ ಬರುವಂಥವು ಎಂಬುದು ಕನ್ನಡದ ನೋಟ. ಮರಾಠಿಯವರು ‘ಮಲಾ’ ಎನ್ನುವುದೂ ಹೀಗೆಯೇ. ಇಂಗ್ಲಿಷಿನ ನೋಟದಲ್ಲಿ ಇವೆಲ್ಲಕ್ಕೂ ‘ನಾನು’ ಎಂಬವನೇ ಕರ್ತೃ. ‘ಐ ಆಮ್ ಹಂಗ್ರಿ.’ ‘ಐ ನೋ ಇಂಗ್ಲಿಷ್.’ ‘ಐ ಹ್ಯಾವ್ ಟೂ ಬ್ರದರ್ಸ್.’ ‘ಐ ವಾಂಟ್ ಎ ಹಾಲಿಡೇ.’ ಆದುದರಿಂದ ‘ಗೆ’ ಪ್ರತ್ಯಯವನ್ನು ಕಂಡ ಕೂಡಲೇ ‘ಮೀ’ ಎಂದು ಬರೆಯದಿರಿ. ಯಾರಾದರೂ ನಿಮಗೆ ಏನನ್ನಾದರೂ ಕೊಟ್ಟಾಗ, ಹೇಳಿದಾಗ, ತೋರಿಸಿದಾಗ ಮಾತ್ರ ಅದು ‘ಮೀ’ ಆಗುತ್ತದೆ: ‘ಶಿ ಗೇವ್ ಮೀ ಎ ಬುಕ್.’

ಎರಡು ಹೆಸರುಗಳು ಜೋಡಿಯಾಗಿ ಬಂದಾಗ ಒಂದು ಸುಲಭವಾದ ಪರೀಕ್ಷೆಯಿದೆ. ಜೊತೆಗಾರನನ್ನು ತೆಗೆದುಹಾಕಿ ವಾಕ್ಯವನ್ನು ಓದಿರಿ. ‘ಟೀಚರ್ ಕಾಲ್ಡ್ ಮೋಹನ್ ಆಂಡ್ ಐ’ ಎಂಬಲ್ಲಿ ಮೋಹನನನ್ನು ತೆಗೆದರೆ ‘ಟೀಚರ್ ಕಾಲ್ಡ್ ಐ’ ಎಂದು ಉಳಿಯುತ್ತದೆ. ಅದು ಅಶುದ್ಧವೆಂದು ಕಿವಿಯೇ ಹೇಳುತ್ತದೆ. ‘ಮೋಹನ್ ಆಂಡ್ ಮೀ’ ಎಂಬುದೇ ಸರಿ. ಹಾಗೆಯೇ ‘ಮೋಹನ್ ಆಂಡ್ ಮೀ ವೆಂಟ್’ ಎಂಬಲ್ಲಿ ಮೋಹನನನ್ನು ತೆಗೆದರೆ ‘ಮೀ ವೆಂಟ್’ ಎಂದಾಗುವುದರಿಂದ ಅಲ್ಲಿ ‘ಐ’ ಬೇಕು. ‘ಬಿಟ್ವೀನ್ ಯೂ ಆಂಡ್ ಐ’ ಎಂದು ದೊಡ್ಡವರೂ ಬರೆಯುವುದುಂಟು. ‘ಬಿಟ್ವೀನ್’ ಎಂಬುದರ ಮುಂದೆ ‘ಮೀ’ ಬರಬೇಕೆಂಬುದೇ ವ್ಯಾಕರಣದ ಮತ.

‘ಹೂ’ ಮತ್ತು ‘ಹೂಮ್’ ಎಂಬವುಗಳಿಗೆ ಕನ್ನಡವೇ ಕೈದೀಪ. ಉತ್ತರವು ‘ಅವನು’ ಎಂದು ಬಂದರೆ ‘ಹೂ’, ‘ಅವನನ್ನು’ ಅಥವಾ ‘ಅವನಿಗೆ’ ಎಂದು ಬಂದರೆ ‘ಹೂಮ್’. ಆಡುವ ಮಾತಿನಲ್ಲಿ ಇಂಗ್ಲಿಷಿನವರೇ ‘ಹೂಮ್’ ಅನ್ನು ಹೆಚ್ಚಾಗಿ ಬಿಟ್ಟಿದ್ದಾರೆ. ಪರೀಕ್ಷೆಯಲ್ಲಿಯೂ ಅರ್ಜಿಯಲ್ಲಿಯೂ ಅದನ್ನು ಉಳಿಸಿಕೊಳ್ಳುವುದು ಲೇಸು.

6. ‘ತಾನು’ ಎಂಬ ಪದ ಇಲ್ಲದ ಭಾಷೆ

ಈ ಪಾಠದ ಮುಖ್ಯ ಭಾಗಕ್ಕೆ ಈಗ ಬಂದೆವು. ಕನ್ನಡದಲ್ಲಿ ‘ತಾನು’ ಎಂಬ ಆತ್ಮಾರ್ಥಕ ಸರ್ವನಾಮವಿದೆ. ಅದು ವಾಕ್ಯದ ಕರ್ತೃವಿಗೇ ಮರಳುತ್ತದೆ. ‘ಆಸ್ಪತ್ರೆಯ ಖರ್ಚನ್ನು ತಾನು ಕೊಡುವುದಾಗಿ ಗುತ್ತಿಗೆದಾರನು ನಮ್ಮ ತಂದೆಗೆ ಹೇಳಿದನು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಖರ್ಚು ಕೊಡತಕ್ಕವನು ಗುತ್ತಿಗೆದಾರ. ಯಾವ ವಕೀಲನೂ ಇದಕ್ಕೆ ಬೇರೆ ಅರ್ಥ ಹಚ್ಚಲಾರನು.

ಇದನ್ನು ಇಂಗ್ಲಿಷಿನಲ್ಲಿ ಪದಕ್ಕೆ ಪದವಿಟ್ಟು ಬರೆದರೆ ಹೀಗಾಗುತ್ತದೆ: ‘ದ ಕಾಂಟ್ರಾಕ್ಟರ್ ಟೋಲ್ಡ್ ಮೈ ಫಾದರ್ ದ್ಯಾಟ್ ಹಿ ವುಡ್ ಪೇ ದ ಹಾಸ್ಪಿಟಲ್ ಬಿಲ್.’ ಈ ‘ಹಿ’ ಯಾರು? ಗುತ್ತಿಗೆದಾರನೂ ಗಂಡಸು, ತಂದೆಯೂ ಗಂಡಸು. ಇಬ್ಬರೂ ಈ ‘ಹಿ’ಗೆ ಒಡೆಯರಾಗಬಲ್ಲರು. ಹಣ ಕೊಡಬೇಕಾದವನು ನಮ್ಮ ತಂದೆಯೇ ಎಂದು ಎದುರಾಳಿ ಓದಿದರೆ ವ್ಯಾಕರಣವು ಅವನನ್ನು ತಡೆಯುವುದಿಲ್ಲ. ವಾಕ್ಯದಲ್ಲಿ ಹುಡುಕಿದರೆ ಒಂದು ತಪ್ಪೂ ಸಿಗದು. ಆದರೆ ಬರೆದವನ ಉದ್ದೇಶ ಅಲ್ಲಿಯೇ ಕೆಟ್ಟಿತು.

ಇದಕ್ಕೆ ಮೂರು ಪರಿಹಾರಗಳುಂಟು. ಮೊದಲನೆಯದಾಗಿ, ಸರ್ವನಾಮವೇ ಬೇಡವಾಗುವಂತೆ ಕ್ರಿಯಾಪದವನ್ನು ಬದಲಿಸುವುದು: ‘ದ ಕಾಂಟ್ರಾಕ್ಟರ್ ಪ್ರಾಮಿಸ್ಡ್ ಮೈ ಫಾದರ್ ಟು ಪೇ ದ ಹಾಸ್ಪಿಟಲ್ ಬಿಲ್.’ ಮಾತು ಕೊಟ್ಟವನೇ ಹಣ ಕೊಡಬೇಕಾದವನೆಂಬುದು ಇಲ್ಲಿ ಸ್ಪಷ್ಟ. ಎರಡನೆಯದಾಗಿ, ನಾಮಪದವನ್ನು ಮತ್ತೆ ಹೇಳುವುದು: ‘...ದ್ಯಾಟ್ ದ ಕಾಂಟ್ರಾಕ್ಟರ್ ವುಡ್ ಪೇ.’ ಒಂದೇ ಹೆಸರನ್ನು ಎರಡು ಸಾರಿ ಬರೆದರೆ ಶೈಲಿ ಕೆಡುತ್ತದೆಂದು ನಿಬಂಧದ ತರಗತಿಯಲ್ಲಿ ಹೇಳುತ್ತಾರೆ. ಅರ್ಜಿಯಲ್ಲಿ ಶೈಲಿಗಿಂತ ಅರ್ಥ ದೊಡ್ಡದು. ಮೂರನೆಯದಾಗಿ, ಆಡಿದ ಮಾತನ್ನೇ ಉದ್ಧರಣ ಚಿಹ್ನೆಗಳ ನಡುವೆ ಇಡುವುದು: ದ ಕಾಂಟ್ರಾಕ್ಟರ್ ಸೆಡ್, “ಐ ವಿಲ್ ಪೇ.” ಆಡುವವನನ್ನೇ ತೋರಿಸುವ ‘ಐ’ ಇಲ್ಲಿ ಸಂಶಯಕ್ಕೆ ಎಡೆಗೊಡದು.

‘ತನ್ನ’ ಎಂಬುದರ ವಿಷಯವೂ ಹೀಗೆಯೇ. ‘ಸುರೇಶನು ರಮೇಶನ ಮನೆಗೆ ಹೋಗಿ ತನ್ನ ಪುಸ್ತಕವನ್ನು ತಂದನು’ ಎಂದರೆ ಪುಸ್ತಕ ಸುರೇಶನದು. ‘ಅವನ ಪುಸ್ತಕವನ್ನು ತಂದನು’ ಎಂದರೆ ರಮೇಶನದು. ಇಂಗ್ಲಿಷಿನ ‘ಹಿಸ್ ಬುಕ್’ ಈ ಎರಡನ್ನೂ ಒಂದೇ ಮಾಡಿಬಿಡುತ್ತದೆ. ‘ಹಿಸ್ ಓನ್ ಬುಕ್’ ಎಂದು ಬರೆದರೆ ‘ತನ್ನ’ ಎಂಬ ಅರ್ಥ ಬರುತ್ತದೆ.

‘ಸೆಲ್ಫ್’ ಸೇರಿದ ರೂಪಗಳು ‘ತಾನು’ ಎಂಬುದಕ್ಕೆ ಸರಿಸಮಾನವೆಂದು ಭಾವಿಸಬಾರದು. ‘ಹಿಮ್‌ಸೆಲ್ಫ್’, ‘ಮೈಸೆಲ್ಫ್’ ಎಂಬವು ಒಂಟಿಯಾಗಿ ಕರ್ತೃವಾಗಲಾರವು. ಪರಿಚಯ ಹೇಳಿಕೊಳ್ಳುವಾಗ ‘ಮೈಸೆಲ್ಫ್ ರಮೇಶ್’ ಎಂಬುದು ನಮ್ಮ ದೇಶದಲ್ಲೆಲ್ಲ ಕೇಳಿಬರುತ್ತದೆ. ‘ಐ ಆಮ್ ರಮೇಶ್’ ಎನ್ನುವುದೇ ಶುದ್ಧ. ‘ತಾನೇ ಬಂದನು’ ಎಂಬ ಒತ್ತು ಬೇಕಾದರೆ ‘ಹಿ ಹಿಮ್‌ಸೆಲ್ಫ್ ಕೇಮ್’ ಎನ್ನಬೇಕು.

‘ನಾವು’ ಎಂಬ ಪದದಲ್ಲಿಯೂ ಒಂದು ಸಂದಿಗ್ಧವಿದೆ. ಕೇಳುವವನನ್ನು ಬಿಟ್ಟು ನಾವೋ, ಅವನನ್ನು ಸೇರಿಸಿಕೊಂಡು ನಾವೋ? ಮರಾಠಿಯಲ್ಲಿ ಬಿಟ್ಟು ಹೇಳುವಾಗ ‘ಆಮ್ಹೀ’ ಎಂದೂ ಸೇರಿಸಿ ಹೇಳುವಾಗ ‘ಆಪಣ’ ಎಂದೂ ಎರಡು ಪದಗಳಿವೆ. ತುಳುವಿನಲ್ಲಿ ‘ಎಂಕುಳು’ ಮತ್ತು ‘ನಮ’ ಎಂಬ ಭೇದವಿದೆ. ಇಂದಿನ ಕನ್ನಡದ ‘ನಾವು’ ಎಂಬುದರಲ್ಲಾಗಲಿ ಇಂಗ್ಲಿಷಿನ ‘ವಿ’ ಎಂಬುದರಲ್ಲಾಗಲಿ ಈ ಭೇದವಿಲ್ಲ. ಆದುದರಿಂದ ಅರ್ಜಿಯ ಮೊದಲಲ್ಲಿಯೇ ‘ವಿ, ದ ವರ್ಕರ್ಸ್’ ಎಂದು ಬರೆದು ಯಾವ ‘ನಾವು’ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

7. ಎಲ್ಲರಿಗೂ ಸಲ್ಲುವ ಸರ್ವನಾಮ

‘ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಪುಸ್ತಕ ತರಬೇಕು.’ ಇಲ್ಲಿ ವಿದ್ಯಾರ್ಥಿಯು ಹುಡುಗನೋ ಹುಡುಗಿಯೋ? ‘ತನ್ನ’ ಎಂಬುದಕ್ಕೆ ಲಿಂಗಭೇದವಿಲ್ಲದುದರಿಂದ ಕನ್ನಡಕ್ಕೆ ಚಿಂತೆಯಿಲ್ಲ. ಇಂಗ್ಲಿಷಿನಲ್ಲಿ ‘ಎವೆರಿ ಸ್ಟೂಡೆಂಟ್ ಮಸ್ಟ್ ಬ್ರಿಂಗ್’ ಎಂಬುದರ ಮುಂದೆ ‘ಹಿಸ್’ ಬರೆಯಬೇಕೋ ‘ಹರ್’ ಬರೆಯಬೇಕೋ ಎಂಬ ಚರ್ಚೆ ಬಹು ಹಳೆಯದು. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಶಾಸನಗಳಲ್ಲಿ ಬರುವ ಪುಲ್ಲಿಂಗದ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂದು ಕಾಯಿದೆ ಮಾಡಿತು. ಭಾರತದಲ್ಲಿ 1897ರ ಜನರಲ್ ಕ್ಲಾಜಸ್ ಕಾಯಿದೆಯ 13ನೆಯ ಕಲಮು ಅದೇ ಮಾತನ್ನು ಹೇಳುತ್ತದೆ. ಕಾಯಿದೆಯ ಪುಸ್ತಕದಲ್ಲಿ ‘ಹಿ’ ಎಂದು ಕಂಡಾಗ, ಇದು ಗಂಡಸರಿಗೆ ಮಾತ್ರವೆಂದು ನಮ್ಮ ವಿದ್ಯಾರ್ಥಿನಿಯರು ಹಿಂದೆ ಸರಿಯಬೇಕಾಗಿಲ್ಲ.

ಇತ್ತೀಚಿನ ಬರವಣಿಗೆಯಲ್ಲಿ ಒಬ್ಬರನ್ನೇ ಕುರಿತು ‘ದೇ’, ‘ದೇರ್’ ಎನ್ನುವುದು ಹೆಚ್ಚುತ್ತಿದೆ. ಇದು ಹೊಸತೆಂದು ಹಲವರು ತಿಳಿದಿದ್ದಾರೆ. ಇಂಗ್ಲಿಷಿನಲ್ಲಿ ಇದರ ಬಳಕೆ 14ನೆಯ ಶತಮಾನದಿಂದಲೂ ಇದೆ. 2019ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘವು ತನ್ನ ಲೇಖನ ಕೈಪಿಡಿಯ ಏಳನೆಯ ಆವೃತ್ತಿಯಲ್ಲಿ ಇದನ್ನು ಒಪ್ಪಿಕೊಂಡಿತು. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ‘ಪ್ರತಿಯೊಬ್ಬರೂ ತಮ್ಮ ಪುಸ್ತಕ ತರಬೇಕು’ ಎನ್ನುವಾಗ ನಾವೂ ಒಬ್ಬೊಬ್ಬರನ್ನೇ ಬಹುವಚನದಲ್ಲಿ ಹೇಳುತ್ತೇವೆ. ಮೂರನೆಯ ವಿಭಾಗದಲ್ಲಿ ‘ದೇ’ ಬೇಡವೆಂದುದಕ್ಕೂ ಇದಕ್ಕೂ ವಿರೋಧವಿಲ್ಲ. ಅಲ್ಲಿ ವ್ಯಕ್ತಿ ಗೊತ್ತಿದ್ದವರು, ಗೌರವಕ್ಕಾಗಿ ‘ದೇ’ ಬಂದಿತ್ತು. ಇಲ್ಲಿ ಯಾರೆಂಬುದು ನಿಶ್ಚಿತವಿಲ್ಲ. ಪರೀಕ್ಷಕರ ಅಭಿಪ್ರಾಯ ಹೇಗಿದೆಯೋ ತಿಳಿಯದಿದ್ದಾಗ ಇಡಿಯ ವಾಕ್ಯವನ್ನೇ ಬಹುವಚನಕ್ಕೆ ತಿರುಗಿಸಿರಿ: ‘ಆಲ್ ಸ್ಟೂಡೆಂಟ್ಸ್ ಮಸ್ಟ್ ಬ್ರಿಂಗ್ ದೇರ್ ಬುಕ್ಸ್.’ ಇದರಲ್ಲಿ ಯಾರೂ ದೋಷ ತೆಗೆಯಲಾರರು.

8. ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿರಿ. ಉತ್ತರವನ್ನು ನೋಡುವ ಮೊದಲು, ಯಾವ ನಿಯಮವು ಇಲ್ಲಿ ಕೆಲಸ ಮಾಡುತ್ತದೆಂದು ಬಾಯಿಬಿಟ್ಟು ಹೇಳಿಕೊಳ್ಳಿರಿ.

ಒಂದು: ನಮ್ಮ ಅಜ್ಜಿಯವರು ಸೊಲ್ಲಾಪುರದಲ್ಲಿದ್ದಾರೆ, ಅವರಿಗೆ ಮರಾಠಿ ಬರುತ್ತದೆ.
ಎರಡು: ನನಗೂ ತಂಗಿಗೂ ಚಿಕ್ಕಪ್ಪ ಹೊಸ ಬಟ್ಟೆ ಕೊಟ್ಟರು.
ಮೂರು: ಮನೆಗೆ ಬಂದೆವು, ಕತ್ತಲಾಗಿತ್ತು.
ನಾಲ್ಕು: ಕಿಟಕಿ ತೆರೆದಿದೆ, ಅದನ್ನು ಮುಚ್ಚು.
ಐದು: ಮುಕಾದಮನು ನಮ್ಮ ಅಣ್ಣನಿಗೆ, ತಾನೇ ಶನಿವಾರ ಕೂಲಿ ತರುವುದಾಗಿ ಹೇಳಿದನು.

ಉತ್ತರಗಳು ಹೀಗಿವೆ. ಒಂದು: ‘ಮೈ ಗ್ರ್ಯಾಂಡ್‌ಮದರ್ ಲಿವ್ಸ್ ಇನ್ ಸೋಲಾಪುರ್; ಶಿ ನೋಸ್ ಮರಾಠಿ.’ ‘ಅವರಿಗೆ’ ಎಂಬಲ್ಲಿ ಬಹುವಚನವನ್ನೂ ಚತುರ್ಥಿಯನ್ನೂ ಎರಡನ್ನೂ ಬಿಡಬೇಕಾಯಿತು. ಎರಡು: ‘ಮೈ ಅಂಕಲ್ ಗೇವ್ ಮೈ ಸಿಸ್ಟರ್ ಆಂಡ್ ಮೀ ನ್ಯೂ ಕ್ಲೋದ್ಸ್.’ ಇಲ್ಲಿ ಕೊಟ್ಟವರು ಬೇರೆ ಇರುವುದರಿಂದ ‘ಮೀ’. ಮೂರು: ‘ವಿ ಕೇಮ್ ಹೋಮ್, ಇಟ್ ವಾಸ್ ಡಾರ್ಕ್.’ ಕನ್ನಡದಲ್ಲಿಲ್ಲದ ಎರಡು ಸರ್ವನಾಮಗಳು ಇಲ್ಲಿ ಹೊಸದಾಗಿ ಬಂದಿವೆ. ನಾಲ್ಕು: ‘ದ ವಿಂಡೋ ಈಸ್ ಓಪನ್, ಶಟ್ ಇಟ್.’ ಮರಾಠಿಯ ‘ತೀ ಖಿಡಕೀ’ ನೆನಪಾದರೂ ‘ಹರ್’ ಎನ್ನಬಾರದು. ಐದು: ‘ದ ಫೋರ್‌ಮನ್ ಪ್ರಾಮಿಸ್ಡ್ ಮೈ ಬ್ರದರ್ ಟು ಬ್ರಿಂಗ್ ದ ವೇಜಸ್ ಹಿಮ್‌ಸೆಲ್ಫ್ ಆನ್ ಸ್ಯಾಟರ್‌ಡೇ.’ ಕೂಲಿ ತರತಕ್ಕವನು ಮುಕಾದಮನೇ, ಸಂಶಯವಿಲ್ಲ.

ಮಿತ್ರರೇ, ಮೇಲಣ ನಿಯಮಗಳನ್ನೆಲ್ಲ ಒಂದೇ ದಿನ ನೆನಪಿನಲ್ಲಿಡುವುದು ಕಷ್ಟ. ಒಂದು ಪದ್ಧತಿಯನ್ನು ಮಾತ್ರ ಈ ವರ್ಷವೇ ರೂಢಿಸಿಕೊಳ್ಳಿರಿ. ಮನೆಯವರ ಪರವಾಗಿ ಇಂಗ್ಲಿಷಿನಲ್ಲಿ ಏನನ್ನೇ ಬರೆದರೂ ಅದನ್ನು ಕೈಬಿಟ್ಟು ಕೊಡುವ ಮುನ್ನ ಅವರೆದುರಿಗೆ ಕುಳಿತು ಕನ್ನಡದಲ್ಲಿ ಅರ್ಥ ಹೇಳಿರಿ. ‘ಹಿ’ ಬಂದ ಕಡೆಯಲ್ಲೆಲ್ಲ ಬೆರಳಿಟ್ಟು ನಿಲ್ಲಿಸಿ, ಇದು ಯಾರು ಎಂದು ಕೇಳಿಕೊಳ್ಳಿರಿ. ತಂದೆಯವರಿಗೆ ಇಂಗ್ಲಿಷ್ ಬಾರದಿರಬಹುದು. ಮಾತು ಕೊಟ್ಟವನು ಯಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳಿದ ಹೆಸರೂ ನೀವು ಬರೆದ ಸರ್ವನಾಮವೂ ಒಬ್ಬನನ್ನೇ ತೋರಿಸಿದರೆ ಕಾಗದವನ್ನು ಮಡಿಸಿ ಲಕೋಟೆಗೆ ಹಾಕಬಹುದು.